ಬಸರಾಳು ಮಲ್ಲಿಕಾರ್ಜುನನ ನಾಮಫಲಕ: ಹವ್ಯಾಸಿ ಸಿಎನ್‌ಸಿ ಕೆಲಸಕ್ಕೆ ತಂತ್ರಾಂಶದ ಆಯ್ಕೆ ಮತ್ತು ಫೈಲ್ ಪರಿವರ್ತನೆ

ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ ಹೊಯ್ಸಳ ಇಮ್ಮಡಿ ನರಸಿಂಹನ ಕಾಲದ್ದು. 1234ರ ಸುಮಾರಿಗೆ ಹರಿಹರ ದಣ್ಣಾಯಕ ಕಟ್ಟಿಸಿದ ಈ ತ್ರಿಕೂಟದ ಕೆತ್ತನೆ ಕಂಡವರಿಗೆ ಅದರ ಒಂದು ಬಳ್ಳಿಯನ್ನು ದೇವರಮನೆ ಬಾಗಿಲಿಗೆ ಇಳಿಸಬೇಕು, ದೇವರ ಹೆಸರನ್ನು ಪ್ಲೈವುಡ್‌ನಲ್ಲಿ ಕೊರೆಸಬೇಕು ಎನ್ನಿಸುವುದು ಸಹಜ. 2009ರಲ್ಲಿ ಬಂದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಸಣ್ಣದೊಂದು ಆರ್ಡುಯಿನೊ ಬೋರ್ಡಿನಿಂದಲೇ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರ, ನಡೆಸುವುದರಿಂದ ಅದು ಮನೆಯ ಮೇಜಿಗೇ ಬಂದಿದೆ. ಯಂತ್ರಕ್ಕೆ ಚಿತ್ರ ತಲುಪಿಸುವ ದಾರಿಯ ಬಗ್ಗೆ ಮಾತ್ರ ಕನ್ನಡದಲ್ಲಿ ಬರವಣಿಗೆ ಕಡಿಮೆ. ಕನ್ನಡ ಫಲಕ ಮಾಡುವವರು ತಂತ್ರಾಂಶವನ್ನು ಅಕ್ಷರದ ಮೇಲೆ ಒರೆಹಚ್ಚಿ ಆರಿಸಬೇಕು ಎಂಬುದು ಈ ಲೇಖನದ ವಾದ.

‘ಶ್ರೀ ಮಲ್ಲಿಕಾರ್ಜುನ’ ಎಂಬ ಎರಡೇ ಪದ ಆ ಪರೀಕ್ಷೆಗೆ ಸಾಕು. ಡಿಟಿಪಿ ಅಂಗಡಿಗಳಲ್ಲಿ ಇದನ್ನು ಸಾಮಾನ್ಯವಾಗಿ ನುಡಿ ಫಾಂಟ್‌ನಲ್ಲಿ ಟೈಪಿಸಿ ಕೋರಲ್‌ಡ್ರಾದಲ್ಲಿ ಜೋಡಿಸುತ್ತಾರೆ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ದೇವರ ಹೆಸರು ಅರ್ಥವಿಲ್ಲದ ರೋಮನ್ ಗುರುತುಗಳಾಗುತ್ತದೆ. ಹೀಗಾಗಿ ಫೈಲ್ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಬರಿಯ ಅಂಚುಗೆರೆಗೆ, ಬದಲಿಸಬೇಕು. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸಿದರೂ ಪಾತ್‌ಗೆ ಬದಲಿಸುವುದು ತಪ್ಪುವುದಿಲ್ಲ, ಆದರೆ ಬದಲಿಸುವ ಮುನ್ನ ಉಳಿಸಿಟ್ಟ ಮೂಲ ಪಠ್ಯ ಎಲ್ಲಿ ಬೇಕಾದರೂ ಓದಲು, ಹುಡುಕಲು ಸಿಗುತ್ತದೆ.

ಕರ್ವ್ ಆದ ಮೇಲೆ ನಿಜವಾದ ತೊಡಕು ಕಾಣುತ್ತದೆ. ಹಲವು ಫಾಂಟ್‌ಗಳಲ್ಲಿ ‘ಜು’ವಿನ ಕೊಂಬು ಬೇರೆಯೇ ಆಕೃತಿಯಾಗಿ ‘ಜ’ದ ಮೇಲೆ ಹಾಯ್ದಿರುತ್ತದೆ. ಪರದೆಯ ಮೇಲೆ, ಮುದ್ರಣದಲ್ಲಿ ಕಪ್ಪಿನ ಮೇಲೆ ಕಪ್ಪು ಬೀಳುವುದರಿಂದ ಯಾರಿಗೂ ತಿಳಿಯುವುದಿಲ್ಲ. ರೌಟರ್ ಹಾಗಲ್ಲ, ಎರಡೂ ಅಂಚುಗಳನ್ನು ಹಿಡಿದು ಹೋಗಿ ಅಕ್ಷರವನ್ನೇ ಸೀಳುತ್ತದೆ. ಕೋರಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್ ಆಜ್ಞೆ ಕೊಟ್ಟು ಎರಡನ್ನೂ ಒಂದೇ ಅಂಚಾಗಿಸಬೇಕು. ‘ಲ್ಲಿ’ಯ ಒತ್ತು ಇನ್ನೊಂದು ಬಗೆಯದು. ಅದು ಮೂಲಾಕ್ಷರಕ್ಕೆ ತಾಗದೆ ಕೆಳಗೆ ನಿಂತಿದ್ದರೆ, ಅಕ್ಷರವನ್ನು ಬಿಡಿಯಾಗಿ ಕತ್ತರಿಸಿದಾಗ ಕಳಚಿ ಬೀಳುತ್ತದೆ. ‘ಠ’, ‘ಥ’ಗಳ ಒಳಗಿನ ಚುಕ್ಕೆಯ ಗತಿಯೂ ಅದೇ. ಇಂಥಲ್ಲಿ ಹಿಂಬದಿಗೆ ಹಲಗೆ ಕೊಡಬೇಕು, ಇಲ್ಲವೇ ಸಣ್ಣ ಸೇತು ಬರೆದು ಸೇರಿಸಬೇಕು. ಸೇತು ಎಲ್ಲಿ ಬಂದರೆ ಅಕ್ಷರ ಕೆಡುವುದಿಲ್ಲ ಎಂಬುದನ್ನು ಯಾವ ತಂತ್ರಾಂಶವೂ ಹೇಳಿಕೊಡದು. ಅದಕ್ಕೆ ಕನ್ನಡ ಓದುವ ಕಣ್ಣೇ ಬೇಕು.

ಈ ದೃಷ್ಟಿಯಿಂದ ಫಲಕ, ಜಾಲರಿ, ಬಳ್ಳಿಗಳಿಗೆ ಕೋರಲ್ ಅಥವಾ ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್ ಸರಿ. ಪೆಟ್ಟಿಗೆಯ ಕೀಲು, ಅಳತೆ ಕೂಡಿಬರಬೇಕಾದ ತೂತುಗಳಿದ್ದರೆ ಲಿಬ್ರೆಕ್ಯಾಡ್, ಫ್ರೀಕ್ಯಾಡ್ ವಾಸಿ. ಒಂದರಲ್ಲೇ ಎಲ್ಲವನ್ನೂ ಮಾಡುತ್ತೇನೆಂದು ಹಟ ಹಿಡಿಯುವುದು ವ್ಯರ್ಥ ಶ್ರಮ.

ಇನ್ನು ಪರಿವರ್ತನೆ. 1982ರಲ್ಲಿ ಆಟೊಕ್ಯಾಡ್ ಜೊತೆ ಬಂದ ಡಿಎಕ್ಸ್‌ಎಫ್ ಇಂದಿಗೂ ಕಟಿಂಗ್ ಅಂಗಡಿಗಳ ರೂಢಿಯ ಫೈಲ್. ಅದರ ಆರ್12 ಆವೃತ್ತಿಯಲ್ಲಿ ಸ್ಪ್ಲೈನ್ ಎಂಬ ಬಾಗುಗೆರೆ ಇಲ್ಲ. ಅದು ಬಂದದ್ದು ಆರ್13ರಲ್ಲಿ. ಹಾಗಾಗಿ ಆರ್12ಕ್ಕೆ ಉಳಿಸುವಾಗ ತಲೆಕಟ್ಟಿನ ಬಾಗು ಸಾಮಾನ್ಯವಾಗಿ ಸಣ್ಣ ನೇರಗೆರೆಗಳ ಸರಣಿಯಾಗುತ್ತದೆ. ಗೆರೆ ಎಷ್ಟು ಸಣ್ಣದಿರಬೇಕೆಂಬುದಕ್ಕೆ ಲೆಕ್ಕವಿದೆ: ತುಂಡಿನ ಉದ್ದದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಬಾಗಿನಿಂದ ಸರಿದ ದೂರ ಸರಿಸುಮಾರಾಗಿ ಸಿಗುತ್ತದೆ. 20 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ 0.05 ಮಿ.ಮೀ. ವ್ಯತ್ಯಾಸ ಒಪ್ಪಿದರೆ ಸುಮಾರು 45 ತುಂಡು ಸಾಕು, 0.01 ಬೇಕೆಂದರೆ 100ರ ಹತ್ತಿರ ಬೇಕಾಗುತ್ತದೆ. ಪ್ಲೈವುಡ್‌ಗೆ ಮೊದಲನೆಯದೇ ಧಾರಾಳ. ಎರಡನೆಯದರಿಂದ ಫೈಲ್ ಉಬ್ಬುತ್ತದೆ, ಹಲಗೆಯ ಮೇಲೆ ವ್ಯತ್ಯಾಸ ಕಾಣದು.

ಅಳತೆಯ ಮಾನ ಇದಕ್ಕಿಂತ ಹೆಚ್ಚು ಕಾಡುತ್ತದೆ. ಇಂಕ್‌ಸ್ಕೇಪ್ 0.92ಕ್ಕೆ ಮೊದಲು ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿತ್ತು, ಆಮೇಲೆ 96. ಹಳೆಯ ಎಸ್‌ವಿಜಿ ಫೈಲನ್ನು ಹೊಸ ಲೆಕ್ಕದಲ್ಲಿ ಓದಿದರೆ 100 ಮಿ.ಮೀ. ಅಗಲದ ಬಳ್ಳಿ 93.75ಕ್ಕೆ ಇಳಿಯುತ್ತದೆ. ಆರ್12 ಡಿಎಕ್ಸ್‌ಎಫ್‌ನಲ್ಲಿ ಬರಿಯ ಸಂಖ್ಯೆ ಇರುತ್ತದೆ, ಇಂಚೋ ಮಿಲಿಮೀಟರೋ ಹೇಳಿರುವುದಿಲ್ಲ. ತಪ್ಪಾಗಿ ಓದಿದರೆ ಅಂತರ 25.4 ಪಟ್ಟು. ಮೂಲೆಯಲ್ಲೊಂದು 100 ಮಿ.ಮೀ. ಚೌಕ ಬರೆದಿಟ್ಟು, ಇನ್ನೊಂದು ತಂತ್ರಾಂಶದಲ್ಲಿ ಅದನ್ನು ಅಳೆದ ಮೇಲೆ ಅಳಿಸುವುದು ನಾನು ಕಂಡ ಸರಳ ಉಪಾಯ.

ಕೊನೆಗೆ ರೌಟರಿನ ಕೊರೆಯುವ ಮೊನೆ, ಅಂದರೆ ಬಿಟ್. 3 ಮಿ.ಮೀ. ಬಿಟ್ 1.5 ಮಿ.ಮೀ. ತ್ರಿಜ್ಯದ ಒಳಮೂಲೆಯನ್ನಷ್ಟೇ ಬಿಡಬಲ್ಲದು, 3 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಇಳಿಯಲಾರದು. ಬಿಟ್ ಸಾಗುವ ದಾರಿಯನ್ನು ಲೆಕ್ಕ ಹಾಕುವ ಎಷ್ಟೋ ಕ್ಯಾಮ್ ತಂತ್ರಾಂಶಗಳು ಅಂಥ ಸಂದಿಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಕನ್ನಡದ ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದಾದ್ದರಿಂದ ಮೊದಲು ಮುಚ್ಚಿಹೋಗುವುದು ಅದರ ಹೊಟ್ಟೆಯೇ. ಫಲಕದ ಉದ್ದವನ್ನು ದೊಡ್ಡ ಅಕ್ಷರ ನೋಡಿ ನಿಗದಿ ಮಾಡುವುದು ವಾಡಿಕೆ. ‘ಲ್ಲಿ’ಯ ಒತ್ತಿನೊಳಗೆ ಬಿಟ್ ಹೋಗುವಷ್ಟು ಜಾಗ ಮೊದಲು ಇಟ್ಟುಕೊಂಡು, ಅಲ್ಲಿಂದ ಅಕ್ಷರದ ಎತ್ತರ, ಆಮೇಲೆ ಹಲಗೆಯ ಅಳತೆ ಎಂದು ಲೆಕ್ಕ ಹಾಕಬೇಕು.