ವೈ. ವಿ. ರಾವ್ ಮತ್ತು ಕೊಲ್ಹಾಪುರದ ‘ಸತಿ ಸುಲೋಚನ’

ಚಲನಚಿತ್ರದ ಚರಿತ್ರೆಯನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ ಭಾಷಾವಾರಾಗಿ ವಿಂಗಡಿಸಿಕೊಳ್ಳುವುದುಂಟು. ಈ ಕ್ರಮವು ಅನುಕೂಲಕರವಾದುದೇ. ಆದರೆ ಕನ್ನಡದ ಮೊದಲ ವಾಕ್ಚಿತ್ರದ ನಿರ್ದೇಶಕರಾದ ವೈ. ವಿ. ರಾಯರ ಜೀವನಕ್ಕೆ ಅದನ್ನು ಅನ್ವಯಿಸಿದರೆ ಆ ಜೀವನವು ತುಂಡುತುಂಡಾಗಿ ಕಾಣುತ್ತದೆ. ಅದನ್ನು ಅಖಂಡವಾಗಿ ನೋಡುವುದೂ, ಅವರ ಕನ್ನಡ ಚಿತ್ರವು ಕೊಲ್ಹಾಪುರದಲ್ಲಿ ಸಿದ್ಧವಾದುದರ ಅರ್ಥವನ್ನು ವಿಚಾರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಯರಗುಡಿಪಾಟಿ ವರದರಾಯರು 1903ರಲ್ಲಿ ನೆಲ್ಲೂರಿನಲ್ಲಿ ಜನಿಸಿದರು. ಮೂಕಚಿತ್ರಗಳಲ್ಲಿ ನಟರಾಗಿದ್ದು, ‘ಪಾಂಡವ ನಿರ್ವಾಣ’ (1930), ‘ಹರಿಮಾಯಾ’ (1932) ಮೊದಲಾದ ಚಿತ್ರಗಳನ್ನು ನಿರ್ದೇಶಿಸಿದರು. ಮೂಕಚಿತ್ರಕ್ಕೆ ಭಾಷೆಯ ಗಡಿಯಿರಲಿಲ್ಲ. ಬರಹದ ಫಲಕಗಳನ್ನು ಬದಲಿಸಿದರೆ ಅದು ಯಾವ ಪ್ರಾಂತದಲ್ಲಿಯೂ ಸಲ್ಲುತ್ತಿತ್ತು. ರಾಯರು ಪಳಗಿದುದು ಇಂತಹ ವೃತ್ತಿಯಲ್ಲಿ.

ವಾಕ್ಚಿತ್ರವು ಬಂದಾಗ ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ತಕ್ಕ ಸ್ಟುಡಿಯೋ ಇರಲಿಲ್ಲ. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿಯವರು ‘ಸತಿ ಸುಲೋಚನ’ವನ್ನು ತಯಾರಿಸಲು ನಿಶ್ಚಯಿಸಿ, ನಿರ್ದೇಶನವನ್ನು ರಾಯರಿಗೆ ವಹಿಸಿದರು, ತಂಡವು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋವಿಗೆ ತೆರಳಿತು. ಬಾಬುರಾವ್ ಪೇಂಟರರ ಕಾಲದಿಂದ ಆ ನಗರವು ಚಿತ್ರಕಲಾವಿದರ ನೆಲೆಯಾಗಿದ್ದಿತು. 1929ರಲ್ಲಿ ಅಲ್ಲಿ ಸ್ಥಾಪಿತವಾದ ಪ್ರಭಾತ್ ಸಂಸ್ಥೆಯು 1933ರಲ್ಲಿ ಪುಣೆಗೆ ಹೋದರೂ ಚಿತ್ರೋದ್ಯಮವು ಅಲ್ಲಿಯೇ ಉಳಿಯಿತು. ಸುಮಾರು 40,000 ರೂಪಾಯಿಗಳ ವೆಚ್ಚದಲ್ಲಿ, ಎರಡು ತಿಂಗಳಷ್ಟು ಕಾಲದಲ್ಲಿ ಸಿದ್ಧವಾದ ಚಿತ್ರವು 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಇದಕ್ಕಿಂತ ಮೊದಲೇ ಆರಂಭವಾಗಿ ಅನಂತರ ತೆರೆಕಂಡ ‘ಭಕ್ತ ಧ್ರುವ’ವಾದರೂ ಮುಂಬಯಿಯಲ್ಲಿ ತಯಾರಾಯಿತೆಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಭೂಪಟವನ್ನು ನೋಡೋಣ. ಕೊಲ್ಹಾಪುರವು ಮೈಸೂರಿಗೆ ದೂರ. ಹುಕ್ಕೇರಿ, ಗೋಕಾಕಗಳಿಗೆ ಸಮೀಪ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿಯೇ ಇದೆ. 1934ರಲ್ಲಿ ಈ ಸೀಮೆಯು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದಿತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿಯು ಆಗ ಗೋಕಾಕಕ್ಕೆ ಸೇರಿತ್ತು. ಇಲ್ಲಿಯ ರಂಗಸಂಪ್ರದಾಯವು ಬಡವಾದುದಲ್ಲ. ‘ಶ್ರೀಕೃಷ್ಣ ಪಾರಿಜಾತ’ವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನವರೂ, ಅದರ ಪ್ರಖ್ಯಾತ ಕಲಾವಿದೆ ಕೌಜಲಗಿ ನಿಂಗಮ್ಮನವರೂ ಈ ನೆಲದವರೇ.

ಹೀಗಿದ್ದರೂ ನೆರೆಯಲ್ಲಿಯೇ ತಯಾರಾದ ಕನ್ನಡ ಚಿತ್ರಕ್ಕೆ ಮಾತು, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಸುಬ್ಬಯ್ಯ ನಾಯುಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ ನಟಿಸಿದರು. ಲಕ್ಷ್ಮಣನ ಪಾತ್ರವನ್ನು ರಾಯರೇ ವಹಿಸಿದರು. ಬಂಡವಾಳವೂ ನಟವರ್ಗವೂ ದಕ್ಷಿಣದಿಂದ ಬಂದುದು ಇದಕ್ಕೆ ಮೊದಲ ಕಾರಣ. ಎರಡನೆಯದು ರಂಗಪ್ರಕಾರಕ್ಕೆ ಸಂಬಂಧಿಸಿದುದೆಂದು ನಮ್ಮ ಅಭಿಪ್ರಾಯ. ಪಾರಿಜಾತವು ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಆಟ; ಅದರ ಮಾತು ಬಹುಮಟ್ಟಿಗೆ ಆಯಾ ಸಮಯಕ್ಕೆ ಹೊಂದಿ ಹುಟ್ಟುವುದು. ಪರದೆ, ಲಿಖಿತ ಸಂಭಾಷಣೆ, ಅಂಕವಿಭಾಗಗಳಿಗೆ ಒಗ್ಗಿದ್ದ ಕಂಪನಿ ನಾಟಕವು ಸ್ಟುಡಿಯೋದ ಕಟ್ಟುಪಾಡಿಗೆ ಸುಲಭವಾಗಿ ಹೊಂದಿಕೊಂಡಿತು. ಯಂತ್ರದ ಸಾಮೀಪ್ಯವೊಂದೇ ನಾಡಿನ ಕಲೆಗೆ ತೆರೆಯನ್ನು ಒದಗಿಸಲಾರದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ರಾಯರು ಮುಂದೆ ತಮಿಳಿನಲ್ಲಿ ‘ಚಿಂತಾಮಣಿ’ (1937), ತೆಲುಗಿನಲ್ಲಿ ವಿಧವಾವಿವಾಹವನ್ನು ಕುರಿತ ‘ಮಳ್ಳಿ ಪೆಳ್ಳಿ’ (1939), ಚಿತ್ರಲೋಕವನ್ನೇ ವಸ್ತುವಾಗುಳ್ಳ ‘ವಿಶ್ವಮೋಹಿನಿ’ (1940), ಮತ್ತೆ ತಮಿಳಿನಲ್ಲಿ ‘ಸಾವಿತ್ರಿ’ (1941) ಚಿತ್ರಗಳನ್ನು ನಿರ್ದೇಶಿಸಿದರು. ‘ಚಿಂತಾಮಣಿ’ಯು ವರ್ಷಕ್ಕೂ ಮಿಗಿಲಾಗಿ ಪ್ರದರ್ಶಿತವಾಯಿತು. 1961ರಲ್ಲಿ ‘ನಾಗಾರ್ಜುನ’ದೊಡನೆ ಅವರು ಕನ್ನಡಕ್ಕೆ ಮರಳಿದರು, 1973ರಲ್ಲಿ ನಿಧನರಾದರು. ಅದೇ ಯುಗದ ಅಮೆರಿಕದ ನಿರ್ದೇಶಕರಲ್ಲಿ ಅನೇಕರು ಹಾಲಿವುಡ್ಡಿನ ಒಂದು ಸಂಸ್ಥೆಯ ಕರಾರಿಗೆ ಒಳಪಟ್ಟು ವರ್ಷಗಟ್ಟಲೆ ಅಲ್ಲಿಯೇ ದುಡಿದರು. ದಕ್ಷಿಣ ಭಾರತದ ರಾಯರಾದರೋ ಬಂಡವಾಳವೂ ಸ್ಟುಡಿಯೋವೂ ದೊರೆತಲ್ಲಿಗೆ ಹೋಗಬೇಕಾಯಿತು.

‘ಸತಿ ಸುಲೋಚನ’ದ ಪ್ರತಿಯು ಇಂದು ಉಳಿದಿಲ್ಲ. ಆದುದರಿಂದ ಅದರ ಕಲಾಗುಣವನ್ನು ಕುರಿತು ತೀರ್ಪು ನೀಡುವುದು ಸಾಧುವಲ್ಲ. ಅದರ ಹುಟ್ಟಿನ ಸಂದರ್ಭವನ್ನು ಮಾತ್ರ ಪುನಾರಚಿಸಬಹುದು. ಕನ್ನಡ ದಾಖಲೆಗಳಿಗೆ ತೃಪ್ತರಾಗದೆ ಮರಾಠಿ, ತಮಿಳು, ತೆಲುಗು ಆಕರಗಳನ್ನೂ ಪರಿಶೀಲಿಸಿದಾಗಲೇ ಆ ಕಾರ್ಯವು ಸಾಧ್ಯ. ಗಡಿಭಾಗದ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಕನ್ನಡ, ಮರಾಠಿಗಳೆರಡನ್ನೂ ಬಲ್ಲವರು ವಿರಳರಲ್ಲ. ಈ ಕೆಲಸಕ್ಕೆ ಅವರಿಗಿಂತ ತಕ್ಕವರು ಇಲ್ಲವೆಂದು ನಾವು ಭಾವಿಸುತ್ತೇವೆ.