ಹೆಬ್ಬೆಟ್ಟಿನ ಗೆರೆ

ಓದು ಬಾರದವರನ್ನು 'ಹೆಬ್ಬೆಟ್ಟು' ಅಂತ ಹೀಯಾಳಿಸ್ತಾರಲ್ಲ, ಆ ಬೆರಳಿನ ಚರಿತ್ರೆಯನ್ನೇ ಸ್ವಲ್ಪ ನೋಡೋಣ.

ತಾಯ ಹೊಟ್ಟೆಯಲ್ಲಿ ಮೂರನೇ ತಿಂಗಳ ಹೊತ್ತಿಗೆ ಬೆರಳ ತುದಿಯಲ್ಲಿ ಗೆರೆಗಳು ಮೂಡತೊಡಗುತ್ತವೆ. ಬೇರು ಚರ್ಮದ ಒಳಪದರದಲ್ಲಿದೆ. ಕಳೆ ಕಿತ್ತು, ಕಲ್ಲು ಹೊತ್ತು ಮೇಲುಚರ್ಮ ಸವೆದರೂ ಅದೇ ಗೆರೆ ಮತ್ತೆ ಬರುತ್ತದೆ. ಥೇಟು ಒಂದೇ ಥರದ ಅವಳಿಗಳಲ್ಲೂ ಗೆರೆ ಬೇರೆ ಬೇರೆ.

1858ರಲ್ಲಿ ಬಂಗಾಳದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೊನಾಯ್ ಎಂಬಾತನ ಅಂಗೈಯನ್ನು ಕರಾರುಪತ್ರಕ್ಕೆ ಒತ್ತಿಸಿಕೊಂಡ. ಆಮೇಲೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಈ ಗೆರೆಗಳಲ್ಲಿ ಜನಾಂಗದ ಗುರುತು ಹುಡುಕಿದ. ಹುಟ್ಟಿನಲ್ಲೇ ಮೇಲು-ಕೀಳು ಇದೆ ಅಂತ ನಂಬಿದ್ದ ಮನುಷ್ಯ ಅವನು. ಸಿಗಲಿಲ್ಲ, 1892ರ ತನ್ನ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡ.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಬಂತು. ಹತ್ತು ಬೆರಳುಗಳ ಅಚ್ಚನ್ನು 1024 ಗೂಡುಗಳಲ್ಲಿ ವಿಂಗಡಿಸುವ ಲೆಕ್ಕ ಅಜೀಜುಲ್ ಹಕ್ ಅವರದು, ಜೊತೆಗಿದ್ದವರು ಹೇಮಚಂದ್ರ ಬೋಸ್. ಹೆಸರು ಮಾತ್ರ ಹೆನ್ರಿ ಸಾಹೇಬನದು! ಅದಿರಲಿ.

ಗೆರೆಯಲ್ಲಿ ಕಾಣದ ಜಾತಿ ಕಾನೂನಿಗೆ ಕಂಡಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಜಾತಿಗೆ ಜಾತಿಯನ್ನೇ ಹುಟ್ಟುಗಳ್ಳರೆಂದು ಬರೆಯಿತು. ಪಟ್ಟಿಗೆ ಸೇರಿದವರು ಕದ್ದಿರಲಿ ಬಿಡಲಿ, ಬೆರಳಚ್ಚು ತೆಗೆಯಬಹುದು ಎಂದಿತು 1911ರ ಕಾಯ್ದೆ. ನಮ್ಮ ಹುಬ್ಬಳ್ಳಿಯಲ್ಲೂ ಅಂಥವರನ್ನು ಕೂಡಿಹಾಕಿದ ಸೆಟ್ಲಮೆಂಟು ಇತ್ತು. ಕಾಯ್ದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. 1961ಕ್ಕೆ ನಮ್ಮ ರಾಜ್ಯದಲ್ಲಿ ಇನ್ನೊಂದು ಬಂತು: ರೂಢಿಗತ ಅಪರಾಧಿಗಳ ಕಾಯ್ದೆ.