ಸ್ಕ್ರೂ ಇದ್ದ ಕಾಲದ ವಾಷಿಂಗ್ ಮೆಷಿನ್

ಇವತ್ತಿನ ಕಥೆ ಕಲ್ಯಾಣದ್ದು, ಅದರಲ್ಲಿ ನಮ್ಮನೆದೂ ಒಂದಿಷ್ಟಿದೆ.

2005ರ ಜುಲೈ 26. ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಈ ಕಡೆ ಉಲ್ಹಾಸ್ ನದಿ, ವಾಲಧುನಿ ಉಕ್ಕಿ ಕಲ್ಯಾಣಕ್ಕೆ ನೀರು ನುಗ್ಗಿತು. ನಮ್ಮದು ಕೆಳಗಿನ ಮನೆ. ಸೆಮಿ ಆಟೊಮ್ಯಾಟಿಕ್ ಮೆಷಿನ್ ಅರ್ಧ ಮುಳುಗಿತ್ತು. ಗುಜರಿಗೆ ಹಾಕೋಣ ಅಂದ್ರು ಅಪ್ಪ. ಓಣಿಯ ಮೆಕ್ಯಾನಿಕ್ ಕಾಕಾ ಹಿಂದಿನ ಸ್ಕ್ರೂ ಬಿಚ್ಚಿ, ಎರಡೂ ಮೋಟಾರು ತೊಳೆದು ಒಣಗಿಸಿ, ಕೆಪಾಸಿಟರ್, ಬೆಲ್ಟು ಹೊಸದು ಹಾಕಿದರು. ಟೈಮರ್ ಅಂದ್ರೆ ಬರೀ ಸ್ಪ್ರಿಂಗು, ಹಲ್ಲುಚಕ್ರ. ಅದು ಮೇಲಿತ್ತು, ಬಚಾವಾಯ್ತು. ಮತ್ತೆ ಒಂಬತ್ತು ವರ್ಷ ಬಟ್ಟೆ ಒಗೀತು!

ಸಾಮಾನು ತಂದದ್ದು ಉಲ್ಹಾಸನಗರದಿಂದ. ದೇಶ ಒಡೆದಾಗ ಬಂದ ಸಿಂಧಿಗಳು ಹಳೇ ಮಿಲಿಟರಿ ಕ್ಯಾಂಪಿನಲ್ಲಿ ನೆಲೆನಿಂತು ಬೆಳೆಸಿದ ಊರು. ಆ ಹೆಸರು ಬಂದದ್ದು 1949ರಲ್ಲಿ. ಅಲ್ಲಿನ ಮಾಲಿನ ಮೇಲೆ 'ಮೇಡ್ ಇನ್ ಯುಎಸ್‌ಎ' ಅಂತಿದ್ರೆ, 'ಉಲ್ಹಾಸನಗರ್ ಸಿಂಧಿ ಅಸೋಸಿಯೇಷನ್' ಅಂತ ಓದ್ಕೋಬೇಕು ಅನ್ನೋದು ಇಲ್ಲಿನ ಹಳೇ ಜೋಕು. ನಗಿ, ಆದ್ರೆ ನಮ್ಮ ಮೆಷಿನ್ ಉಳಿಸಿದ್ದು ಆ ಪೇಟೆಯೇ.

ಈಗಿನದು ಫ್ರಂಟ್ ಲೋಡ್. ಹೋದ ವರ್ಷ ಬೇರಿಂಗ್ ಸವೆದು ಕಿರುಚೋಕೆ ಶುರುಮಾಡ್ತು. ಕಂಪನಿಯವರು ಇಡೀ ಟಬ್ ಬದಲಿಸಬೇಕು ಅಂದ್ರು. ಯಾಕಂದ್ರೆ ಹೊರಟಬ್ಬಿನ ಎರಡು ಹೋಳನ್ನು ಕಾಯಿಸಿ ಬೆಸೆದುಬಿಟ್ಟಿದ್ದಾರೆ. ಸರ್ಕ್ಯೂಟ್ ಬೋರ್ಡಿಗೂ ಅಂಟು ಸುರಿದಿರ್ತಾರೆ. ಅದು ತೇವ ತಡೆಯೋಕೆ, ನಮ್ಮ ಖಾಡಿ ಹವೆಗೆ ಬೇಕೇ ಬೇಕು, ಒಪ್ಪಿದೆ. ಟಬ್ಬಿಗೆ ಯಾಕೆ ಬೆಸುಗೆ?

ಯುರೋಪಿನಲ್ಲಿ 2021ರಿಂದ ವಾಷಿಂಗ್ ಮೆಷಿನ್ನಿನ ಮುಖ್ಯ ಬಿಡಿಭಾಗಗಳು 10 ವರ್ಷ ಸಿಗಬೇಕು ಅಂತ ನಿಯಮ. ನಮ್ಮಲ್ಲಿ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು.

ಕಾಕಾಗೆ ಈಗ ವಯಸ್ಸಾಗಿದೆ. ಟಬ್ ತಿರುಗಿಸಿ ತಿರುಗಿಸಿ ಸ್ಕ್ರೂ ಹುಡುಕಿದರು. ಸಿಗಲಿಲ್ಲ. ಗರಗಸ ತಗೊಂಡು ಬೆಸುಗೆ ಗುಂಟ ಕೊಯ್ದರು, ಬೇರಿಂಗ್ ಹಾಕಿ, ಸುತ್ತ ತೂತು ಕೊರೆದು ಬೋಲ್ಟು, ಸಿಲಿಕೋನ್ ಜಡಿದರು. ಸದ್ಯಕ್ಕೆ ಸೋರ್ತಿಲ್ಲ.